ಲೈನ್ ಕ್ಲಿಯರ್ ತಗೊಂಡವನ ಧ್ವನಿ

ಸಬ್‌ಸ್ಟೇಷನ್ನಿಗೆ ಆಪರೇಟರ್ ಆಗಿ ಹೊಸದಾಗಿ ಬಂದವರು ಮೊದಲ ವಾರ ಹೇಳುವುದು ಒಂದೇ ಮಾತು: “ಏನ್ ಕೆಲಸಾರೀ ಇದು, ಬರೇ ಕುರ್ಚಿ ಮ್ಯಾಲ ಕೂಡೂದು!” ನಾನೂ ಹಾಗೇ ಹೇಳಿದವನು. ನಮ್ಮಪ್ಪನಿಗಂತೂ ಅದು ವರ್ಷಗಟ್ಟಲೆ ನಗಲು ಸಾಕಾಯಿತು. ರಾಯಬಾಗ ಕಡೆ ಬಂಗಾರದಂಥ ಕಬ್ಬಿನ ಹೊಲ ಇಟ್ಟುಕೊಂಡು ಮಗ ನೌಕರಿಗೆ ಹೋದನಲ್ಲ ಎಂಬ ಸಿಟ್ಟು ಅವನಿಗೆ. ಬಂದವರ ಮುಂದೆಲ್ಲ, “ನಮ್ಮ ನೇಮಣ್ಣ ಕರೆಂಟ್ ಕಾಯಾಕ ಹೋಗ್ಯಾನ್ರಿ, ಅದು ಎಲ್ಲಿ ಓಡಿ ಹೋಗತೈತೋ ಏನೋ,” ಅನ್ನುತ್ತಿದ್ದ.

ಮೂವತ್ತನಾಲ್ಕು ವರ್ಷ ಆ ಕರೆಂಟನ್ನು ಕಾದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯ ಪ್ಯಾನೆಲ್ ಬೋರ್ಡುಗಳ ಮುಂದೆ ಕೂತಿದ್ದೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಎಷ್ಟು ಹೊತ್ತು ಮಾತಾಡಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅವು ಹೊಸದಾಗಿ ಆಪರೇಟರಾದ ನಿಮಗೂ ಬರುತ್ತವೆ, ಗಡಿಬಿಡಿ ಬೇಡ. ನಾನು ಬರೆಯಬೇಕೆಂದಿರುವುದು ನಾನು ಮಾಡಿದ ಒಂದು ದೊಡ್ಡ ತಪ್ಪಿನ ಬಗ್ಗೆ, ಅದನ್ನು ನನಗೆ ಕಾಣಿಸಿಕೊಟ್ಟ ಒಬ್ಬ ಮೇಡಂ ಬಗ್ಗೆ, ಕಲ್ಲಪ್ಪನೆಂಬ ಲೈನ್‌ಮನ್ ಬಗ್ಗೆ. ನಿಮ್ಮ ತರಬೇತಿ ಪುಸ್ತಕದಲ್ಲಿ, ಲೈನಿಗೆ ಕರೆಂಟು ಹಾಕಿ ತೆಗೆಯುವ ಬ್ರೇಕರ್ ಹೇಗೆ ಕೆಲಸ ಮಾಡುತ್ತದೆ ಎಂದು ಚಿತ್ರಸಮೇತ ಇದೆ. ಬ್ರೇಕರ್ ಮೇಲಿನ ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲ.

ನನ್ನ ಮೊದಲ ಗುರು ದಸ್ತಗೀರ ಚಾಚಾ. ಹಿರಿಯ ಆಪರೇಟರ್, ಬಿಳಿ ಗಡ್ಡ, ಬಾಯಲ್ಲಿ ಸದಾ ಲವಂಗ. ಗಂಟೆಗೊಮ್ಮೆ ಎದ್ದು ಹೋಗಿ ಮೀಟರುಗಳನ್ನು ನೋಡಿ ಪುಸ್ತಕದಲ್ಲಿ ಅಂಕಿ ಬರೆಯುವುದು ನಮ್ಮ ಕೆಲಸ. ದಿನಾ ನೋಡಿದರೂ ಅವೇ ಅಂಕಿ. ಹೀಗಾಗಿ ನಾನೊಂದು ಜಾಣತನ ಮಾಡಿದೆ. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೇ ಸಂಜೆ ನಾಲ್ಕರವರೆಗಿನ ಅಂಕಿಗಳನ್ನೆಲ್ಲ ಚೆಂದವಾಗಿ ಬರೆದು ಕಾಲು ಚಾಚಿ ಕೂತೆ. ಒಂದೂವರೆಗೆ ಮೇಲಿನಿಂದ ಬರುವ ಲೈನೇ ಬಿದ್ದುಹೋಯಿತು. ಇಡೀ ತಾಲ್ಲೂಕಿಗೆ ಕರೆಂಟಿಲ್ಲ, ನನ್ನ ಪುಸ್ತಕದಲ್ಲಿ ಮಾತ್ರ ಎರಡಕ್ಕೂ ಮೂರಕ್ಕೂ ನಾಲ್ಕಕ್ಕೂ ಭರ್ಜರಿ ಕರೆಂಟು.

ಚಾಚಾ ಬಂದು ಪುಸ್ತಕ ನೋಡಿದರು. ಬೈಯಲಿಲ್ಲ. ನಿಧಾನವಾಗಿ ಕನ್ನಡಕ ತೆಗೆದು, “ವಾಹ್ ಬೇಟಾ! ಕರೆಂಟ್ ಇಲ್ದನೂ ನಿನ್ನ ಪುಸ್ತಕ ಉರೀತೈತಿ,” ಅಂದರು. ಆಮೇಲೆ ನನ್ನ ಕೈಗೆ ಪೆನ್ನು ಕೊಟ್ಟು, “ಹ್ಯಾಂಗಿರಬೇಕು ಅನ್ನೂದು ಬರಿಯಾಕ ಇಲ್ಲಿ ಮನಶ್ಯಾ ಬೇಕಾಗಿಲ್ಲ. ಹ್ಯಾಂಗೈತಿ ಅದನ್ನ ಬರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರಿ,” ಎಂದರು. ವಿಜ್ಞಾನ ಎಂದರೆ ಇಷ್ಟೇ ಎಂದು ತಿಳಿಯಲು ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು. ಚಾಚಾ ಏಳನೇ ಇಯತ್ತೆ ಕಲಿತವರು.

ಈಗ ಲೈನ್ ಕ್ಲಿಯರ್ ವಿಷಯ. ನಾವು ಎಲ್‌ಸಿ ಅನ್ನುತ್ತೇವೆ. ಲೈನ್‌ಮನ್ ಕಂಬ ಏರುವ ಮೊದಲು ಆಪರೇಟರಿಗೆ ಫೋನು ಮಾಡಿ ಎಲ್‌ಸಿ ಕೇಳುತ್ತಾನೆ. ಆಪರೇಟರ್ ಆ ಫೀಡರಿನ, ಅಂದರೆ ಆ ಕಡೆ ಹೋಗುವ ಲೈನಿನ, ಬ್ರೇಕರ್ ತೆಗೆದು, ಪುಸ್ತಕದಲ್ಲಿ ಅವನ ಹೆಸರು ಬರೆದು, ಒಂದು ನಂಬರು ಕೊಡುತ್ತಾನೆ. ಕೆಲಸ ಮುಗಿದು ಕೆಳಗಿಳಿದ ಮೇಲೆ ಅದೇ ಲೈನ್‌ಮನ್ ಫೋನು ಮಾಡಿ, ಅದೇ ನಂಬರು ಹೇಳಿ, ಎಲ್‌ಸಿ ವಾಪಸು ಕೊಡಬೇಕು. ಅಲ್ಲಿಯವರೆಗೆ ಆ ಲೈನಿಗೆ ಕರೆಂಟು ಬಿಡುವ ಹಾಗಿಲ್ಲ. ನಿಯಮ ಇಷ್ಟು ಸರಳ. ಆದರೆ ನಮ್ಮ ಕಡೆ ಇನ್ನೊಂದು ರೂಢಿ ಬೆಳೆದಿತ್ತು. ಲೈನ್‌ಮನ್ ಬದಲು ಸಾಹೇಬರು ಫೋನು ಮಾಡಿ, “ಎಲ್ಲಾರೂ ಇಳದಾರ, ಹಾಕು,” ಎಂದರೆ ಹಾಕಿಬಿಡುವುದು. ಸಾಹೇಬರು ಹೇಳಿದ ಮೇಲೆ ಮತ್ತೆ ಲೈನ್‌ಮನ್‌ನನ್ನು ಕೇಳುವುದೆಂದರೆ ಸಾಹೇಬರ ಮಾತು ಸುಳ್ಳೆಂದ ಹಾಗಲ್ಲವೇ? ಅದು ಮರ್ಯಾದೆಗೇಡು. ನಮ್ಮ ಕಡೆಯವರು ಜೀವ ಬಿಟ್ಟೇವು, ಮರ್ಯಾದೆ ಬಿಡುವುದಿಲ್ಲ. ಅದರಲ್ಲೂ ಬಿಡುವ ಜೀವ ಬೇರೆಯವರದಾದರೆ ಇನ್ನೂ ಸಲೀಸು.

ಕಲ್ಲಪ್ಪ ಕರೋಶಿಯವನು, ನನ್ನ ಓರಗೆಯವನು. ಕಂಬ ಏರುವುದರಲ್ಲಿ ಅವನ ಹಾಗೆ ಇನ್ನೊಬ್ಬನನ್ನು ನಾನು ನೋಡಲಿಲ್ಲ. ಲಗುಬಗೆಯಿಲ್ಲ, ಒಂದು ಹೆಜ್ಜೆ ಸುಮ್ಮನೆ ಇಡುವುದಿಲ್ಲ. ಎಲ್‌ಸಿ ಸಿಕ್ಕಿದ ಮೇಲೂ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡನ್ನು ತಂತಿಗೆ ತಾಗಿಸಿ ನೋಡದೆ ಮುಟ್ಟುತ್ತಿರಲಿಲ್ಲ. “ನೀ ಕರೆಂಟ್ ತಗದೀ ಅನ್ನೂದು ನಿನ್ನ ಮಾತು. ತಂತಿ ಏನ್ ಅಂತೈತಿ ಅದನ್ನೂ ಕೇಳಬೇಕಲಾ,” ಅನ್ನುತ್ತಿದ್ದ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನು ಕೆಲಸದಲ್ಲಿ ಮರೆತರೂ ಅವನು ಮರೆಯುತ್ತಿರಲಿಲ್ಲ. ಎಲ್ಲಿದ್ದರೂ ಫೋನು ಮಾಡಿ, “ಲೇ ನೇಮಣ್ಣಾ, ಹೊತ್ತ ಹೊಂಟಿತು, ಡಬ್ಬಿ ತಗಿ!” ಎಂದು ಕೂಗುತ್ತಿದ್ದ. ಅಂಥ ಸ್ನೇಹ.

ಆಗ ಬಂದವರು ವಸುಧಾ ಮೇಡಂ, ನಮ್ಮ ಉಪವಿಭಾಗಕ್ಕೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಾಗಿ. ಮಂಡ್ಯ ಕಡೆಯವರು. ನಮ್ಮ ಮಾತು ಅವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಅವರ ಮಾತಿಗೆ ನಾವು ಹಿಂದಿನಿಂದ ನಗುತ್ತಿದ್ದೆವು. ಆದರೆ ಅವರು ಯಾವ ಅಪಘಾತದ ವರದಿ ಬಂದರೂ “ಯಾರ ತಪ್ಪು” ಎಂದು ಕೇಳುತ್ತಿರಲಿಲ್ಲ. “ಏನೇನಾಯ್ತು, ಮೊದಲಿಂದ ಹೇಳಿ,” ಅನ್ನುತ್ತಿದ್ದರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಹುಟ್ಟಿತ್ತು.

ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಮಂಟಪದಲ್ಲಿ, ಸುರಕ್ಷತಾ ತರಬೇತಿ ಇಟ್ಟಿದ್ದರು. ಹೆಲ್ಮೆಟ್ಟು, ಕೈಗವಸು ಎಂದು ಪುರಾಣ ಹೇಳುತ್ತಾರೆಂದು ನಾವು ಹಿಂದಿನ ಸಾಲು ಹಿಡಿದೆವು. ಮೇಡಂ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಬಹಳ ಹಿಂದೆ ನಡೆದ ಮನಶ್ಶಾಸ್ತ್ರದ ಪ್ರಯೋಗದ ಕಥೆ ತೆಗೆದರು. ಸಾಮಾನ್ಯ ಜನರನ್ನು ಕರೆಸಿ ಒಂದು ಯಂತ್ರದ ಮುಂದೆ ಕೂರಿಸುತ್ತಾರೆ. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಸ್ವಿಚ್ಚು ಒತ್ತಿ ಶಾಕ್ ಕೊಡಬೇಕು, ಪ್ರತಿಸಲ ವೋಲ್ಟೇಜು ಏರಿಸುತ್ತ ಹೋಗಬೇಕು. ಒಳಗಿನಿಂದ ಕೂಗಾಟ, ಆಮೇಲೆ ಸದ್ದೇ ಇಲ್ಲ. ಒತ್ತುವವನು ಹಿಂಜರಿದರೆ, ಬೂದು ಕೋಟು ಹಾಕಿದವನೊಬ್ಬ ಹಿಂದಿನಿಂದ ತಣ್ಣಗೆ “ಮುಂದುವರಿಸಿ” ಅನ್ನುತ್ತಾನೆ. ನಿಜವಾಗಿ ಶಾಕ್ ಇರಲಿಲ್ಲ, ಕೂಗಾಟ ನಾಟಕ. ಆದರೆ ಒತ್ತುವವರಿಗೆ ಅದು ಗೊತ್ತಿರಲಿಲ್ಲ. ಕೊನೆಯ ಸ್ವಿಚ್ಚಿನವರೆಗೆ ಹೋಗುವವರು ಸಿಗುವುದೇ ಕಷ್ಟ ಎಂದು ಮನೋವೈದ್ಯರು ಮೊದಲೇ ಹೇಳಿದ್ದರಂತೆ. ಮೂವರಲ್ಲಿ ಇಬ್ಬರು ಹೋದರು.

“ಅವರೇನು ಕೆಟ್ಟವರಲ್ಲ. ಬೆವರಿದ್ರು, ನಡುಗಿದ್ರು, ಆದ್ರೂ ಒತ್ತಿದ್ರು,” ಎಂದರು ಮೇಡಂ. ಆ ಪ್ರಯೋಗದ ಬಗ್ಗೆ ತಕರಾರುಗಳಿವೆ, ಕೆಲವರಿಗೆ ಅದು ನಾಟಕವೆಂಬ ಅನುಮಾನ ಬಂದಿರಬಹುದು, ಹಾಗೆ ಜನರನ್ನು ನಡುಗಿಸಿದ್ದು ಸರಿಯೇ ಎಂದು ಇಂದಿಗೂ ಜಗಳವಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಬೂದು ಕೋಟಿನವನು ಎದುರಿಗಿಲ್ಲದೆ ಫೋನಿನಲ್ಲಿ ಹೇಳಿದಾಗ ಕೇಳಿದವರು ಬಹಳ ಕಡಿಮೆಯಂತೆ.

ನಾನು ಎದ್ದು ನಿಂತೆ. “ಮೇಡಂ, ಅಲ್ಲಿ ಹಂಗಿರಬೇಕ್ರಿ. ನಮ್ಮಲ್ಲಿ ಫೋನ ಸಾಹೇಬ. ಆದ್ರ ಒಂದು ಹೇಳ್ತೇನ್ರಿ, ನಾ ಅಂತೂ ಒತ್ತೂದಿಲ್ಲ. ನಮ್ಮ ಮನ್ಯಾಗ ನೀರೂ ಸೋಸಿ ಕುಡಿತೀವ್ರಿ, ಒಂದು ಹುಳಾ ಸಾಯಬಾರದಂತ.” ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಡಂ ನಗಲಿಲ್ಲ. “ಇರಬಹುದು. ಆದ್ರೆ ನಿಮಗೆ ಅದು ಗೊತ್ತಿಲ್ಲ ಅಲ್ವಾ ನೇಮಣ್ಣ? ನಿಮ್ಮ ಊಹೆ ಅಷ್ಟೆ. ನನಗೂ ಗೊತ್ತಿಲ್ಲ,” ಎಂದರು. ನನಗೆ ಸಿಟ್ಟು ಬಂತು. ಮಂದಿಯ ಮುಂದೆ ಮುಖ ಸಣ್ಣದು ಮಾಡಿದರಲ್ಲ ಎಂದುಕೊಂಡೆ.

ಒಂದು ತಿಂಗಳ ಮೇಲೆ, ಬೆಳಗಿನ ಶಿಫ್ಟು ನನ್ನದು. ಕಲ್ಲಪ್ಪ ಒಂದು ಫೀಡರಿಗೆ ಎಲ್‌ಸಿ ತಗೊಂಡು ಹೋಗಿದ್ದ. ಹನ್ನೊಂದರ ಸುಮಾರಿಗೆ ಫೋನು ಬಂತು. ಗಡಸು ಗಂಡು ಧ್ವನಿ: “ಡಿವಿಜನ್ ಆಫೀಸಿನಿಂದ ಮಾತಾಡ್ತಿದ್ದೀನಿ. ಆ ಫೀಡರ್ ಯಾಕೆ ಇನ್ನೂ ಆಫ್ ಇದೆ? ಆಸ್ಪತ್ರೆಯಿಂದ ಕಂಪ್ಲೇಂಟ್ ಇದೆ. ತಕ್ಷಣ ಚಾರ್ಜ್ ಮಾಡಿ.” ನಾನು, “ಸರ್, ಎಲ್‌ಸಿ ಐತ್ರಿ ಅದರ ಮ್ಯಾಲ,” ಎಂದೆ. “ಜನ ಇಳಿದಿದ್ದಾರೆ. ನಾನು ಹೇಳ್ತಿದ್ದೀನಲ್ಲ? ಹಾಕ್ರಿ.” ಅಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ನಾನು ಎದ್ದೆ. ಎರಡು ಹೆಜ್ಜೆ ನಡೆದೆ. ಬ್ರೇಕರ್ ಹಾಕಿದೆ.

ಧಡ್ ಎಂದು ಸದ್ದಾಯಿತು, ಬ್ರೇಕರ್ ಹಾಕಿದೆ ಎಂದು ತೋರಿಸುವ ಕೆಂಪು ದೀಪ ಹತ್ತಿತು. ಆದರೆ ಆಂಪಿಯರ್ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಅದನ್ನು ನೋಡಿದೆ. ಆಸ್ಪತ್ರೆಗೆ ಕರೆಂಟು ಹೋಗಿದ್ದರೆ ಮುಳ್ಳು ಏಳಬೇಕು. ಯಾಕೆ ಎದ್ದಿಲ್ಲ ಎಂದು ಯೋಚಿಸಲೂ ಇಲ್ಲ. ಸಾಹೇಬರ ಮಾತು ನಡೆಸಿದೆನಲ್ಲ, ನನ್ನ ತಲೆಗೆ ಅಲ್ಲಿಗೆ ರಜೆ.

ಬಾಗಿಲು ತೆರೆಯಿತು. ಮೇಡಂ ಒಳಗೆ ಬಂದರು. ಅವರ ಹಿಂದೆ ಕಲ್ಲಪ್ಪ.

ಬೇಲಿಯಾಚೆಯ ಕಂಬದ ಮೇಲಿನ ಸ್ವಿಚ್ಚನ್ನು ಮೇಡಂ ಮೊದಲೇ ತೆಗೆಸಿ ಬೀಗ ಹಾಕಿಸಿದ್ದರು. ನಾನು ಬಿಟ್ಟ ಕರೆಂಟು ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ. ಆಯ್ದ ಲೈನ್‌ಮನ್‌ಗಳಿಗೆ ಮಾತ್ರ ತಿಳಿಸಿ, ಅವರ ಒಪ್ಪಿಗೆ ಪಡೆದು, ಬೇರೆ ಬೇರೆ ಸಬ್‌ಸ್ಟೇಷನ್ನುಗಳಲ್ಲಿ ನಡೆಸಿದ ಪರೀಕ್ಷೆ ಅದು. ಆ ಗಡಸು ಧ್ವನಿ ಮೇಡಂ ಅವರ ಯಜಮಾನರದು. ಮನೆಯಲ್ಲಿ ಅವರು ತುಟಿ ಬಿಚ್ಚುವುದೇ ಅಪರೂಪ ಎಂದು ಆಮೇಲೆ ತಿಳಿದು ನಾವೆಲ್ಲ ನಕ್ಕೆವು. ಆ ಹೊತ್ತಿಗೆ ಮಾತ್ರ ನನಗೆ ನಗು ಬರಲಿಲ್ಲ. ನಾನು ಕೊಂದವನು ಬಾಗಿಲಲ್ಲಿ ನಿಂತಿದ್ದ. ನಾನು ಕುರ್ಚಿಯಲ್ಲಿ ಕೂತೆ.

ಕಲ್ಲಪ್ಪ ನನ್ನನ್ನು ನೋಡಲಿಲ್ಲ, ಕೆಂಪು ದೀಪ ನೋಡಿದ. “ಮೇಡಂಗ ನಾನ ಹೇಳಿದ್ನಿ,” ಅಂದ. “ನೇಮಣ್ಣನ ಕಡೆ ಮಾಡಬ್ಯಾಡ್ರಿ, ಸುಮ್ನ ಟೈಮ್ ವೇಸ್ಟು, ಅಂವ ಹಾಕೂದಿಲ್ಲ ಅಂತ.” ಹೊರಗೆ ಹೋದ.

ಮೇಡಂ ಪಕ್ಕದಲ್ಲಿ ಕೂತು ನೀರು ಕೊಟ್ಟರು. ಕಡತದಲ್ಲಿ ನನ್ನ ಹೆಸರು ಬರೆಯಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು, “ಹೆಚ್ಚಿನವರು ಹಾಕಿದ್ರಿ. ಯಾರು ಅಂತ ನಾನು ಹೇಳಲ್ಲ. ನಿಮಗೆ ಹೇಳದೆ ಮಾಡಿದ್ದು ನನ್ನ ತಪ್ಪು, ಇನ್ನೊಂದು ಸಲ ಮಾಡಲ್ಲ,” ಎಂದು ಕೈ ಮುಗಿದರು. ತಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳಿದರೆಂದು, ನೋಡದೇ ಇದ್ದ ಟ್ರಾನ್ಸ್‌ಫಾರ್ಮರಿನ ತಪಾಸಣಾ ವರದಿಗೆ ಸಹಿ ಹಾಕಿದ್ದನ್ನೂ ಹೇಳಿಕೊಂಡರು. ನನ್ನ ಸೇವೆಯಲ್ಲಿ ಕೆಳಗಿನವರ ಮುಂದೆ ತಪ್ಪೊಪ್ಪಿಕೊಂಡ ಮೇಲಧಿಕಾರಿ ಅವರೊಬ್ಬರೇ. ಅವರ ಮೇಲೆ ಇದ್ದ ಸಿಟ್ಟೆಲ್ಲ ಅಂದೇ ಕರಗಿಹೋಯಿತು.

ಹಾಕದೆ ಇದ್ದವರ ಹೆಸರನ್ನು ಮಾತ್ರ ಮುಚ್ಚಿಡಲಿಲ್ಲ. ಅವರಲ್ಲೊಬ್ಬಳು ನಿಪ್ಪಾಣಿ ಕಡೆಯ ಸುನಂದಾ ಎಂಬ ಆಪರೇಟರ್, ಸಣ್ಣ ದನಿಯ ಹೆಣ್ಣುಮಗಳು. ಮಹಾರಾಷ್ಟ್ರದ ಗಡಿಯ ಕೊಗನೊಳ್ಳಿ ಕಡೆಯಿಂದ ಅರ್ಧ ಮರಾಠಿಯಲ್ಲಿ ಬರುವ ಬೈಗುಳ ಕೇಳಿ ಕೇಳಿ ಅವಳ ಕಿವಿ ಗಟ್ಟಿಯಾಗಿತ್ತು. ಅವಳು ಆ ಧ್ವನಿಗೆ, “ಸರ್, ನಿಮ್ಮ ಧ್ವನಿ ನನಗ ಗುರ್ತಿಲ್ರಿ. ಎಲ್‌ಸಿ ತಗೊಂಡವ್ರ ಧ್ವನಿ ಗುರ್ತೈತ್ರಿ. ಅವರನ್ನ ಮಾತಾಡಸ್ರಿ,” ಎಂದಳಂತೆ. ಧ್ವನಿ ಜೋರಾದಾಗ ರಿಸೀವರನ್ನು ಮೇಜಿನ ಮೇಲೆ ಇಟ್ಟು, ಅದು ಬೈದು ಮುಗಿಸುವವರೆಗೆ ಚಹಾ ಕುಡಿದಳಂತೆ.

ಮೇಡಂ ಆ ಮಾತನ್ನೇ ಹಿಡಿದರು. ನಮ್ಮಲ್ಲಿ ಧೈರ್ಯ ಕಡಿಮೆಯಲ್ಲ, ಬೇಡ ಅನ್ನಲು ಮಾತು ಸಿದ್ಧವಿಲ್ಲ ಎಂಬುದು ಅವರ ಲೆಕ್ಕ. ಆ ಅಮೆರಿಕದ ಪ್ರಯೋಗದಲ್ಲೂ ಪಕ್ಕದಲ್ಲಿ ಕೂತವರು ಎದ್ದು ಬೇಡವೆಂದಾಗ ಹೆಚ್ಚಿನವರು ಕೈ ತೆಗೆದಿದ್ದರಂತೆ. ಹಾಗಾಗಿ ನಮಗೆಲ್ಲ ಒಂದೇ ವಾಕ್ಯ ಕೊಟ್ಟರು: “ಸರ್, ಎಲ್‌ಸಿ ತಗೊಂಡವರ ಧ್ವನಿ ಕೇಳಿಲ್ಲ, ಕೇಳಿದ ಕೂಡಲೇ ಹಾಕ್ತೀನಿ.” ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಬಾಯಿಪಾಠ ಮಾಡಿಸಿದರು. ಒಬ್ಬ ಸಾಹೇಬ, ಒಬ್ಬ ಆಪರೇಟರ್. ಸಾಹೇಬರಾದ ಲೈನ್‌ಮನ್‌ಗಳಂತೂ ಎಷ್ಟೋ ವರ್ಷದ ಬಾಕಿ ತೀರಿಸಿಕೊಂಡರು. “ಅರೆ, ತುಲಾ ಕಳತ್ ನಾಹೀ ಕಾ? ತಿಳಿಯೂದಿಲ್ಲೇನ್ ನಿನಗ? ಮೊದಲ ಹಾಕಲೇ!” ಎಂದು ಮಂಗಲ ಕಾರ್ಯಾಲಯದ ಮಾಳಿಗೆ ಹಾರಿಹೋಗುವ ಹಾಗೆ ಕೂಗಿದರು. ನೀವು ಈಗ ನಗಬಹುದು. ಈಗ ಲೈನ್‌ಮನ್ ಮೊಬೈಲಿಗೆ ಒಟಿಪಿ ಬರುತ್ತದೆ, ಕಂಪ್ಯೂಟರೇ ನೋಡಿಕೊಳ್ಳುತ್ತದೆ ಅನ್ನುತ್ತೀರಿ. ಆ ಒಟಿಪಿಯನ್ನು ಲೈನ್‌ಮನ್ ಬದಲು ಸಾಹೇಬರು ಓದಿ ಹೇಳಿದರೆ ಏನು ಮಾಡುತ್ತೀರಿ? ಕನ್ನಡಿ ಮುಂದೆ ನಿಂತು ಆ ವಾಕ್ಯವನ್ನು ಹೇಳಿ ಕಲಿಯಿರಿ. ಬಾಯಿಗೆ ಬಾರದ ಮಾತು ಬೇಕಾದಾಗ ಬರುವುದಿಲ್ಲ.

ಕಲ್ಲಪ್ಪ ಮಾತ್ರ ನನಗೆ ದೂರವಾದ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಮರ್ಯಾದೆ ಕೊಡಲು ಶುರುಮಾಡಿದ. “ನಮಸ್ಕಾರ್ರೀ ನೇಮಣ್ಣಾರ, ಆರಾಮಲ್ರೀ?” ಅಷ್ಟೇ. ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಮೊದಲು ಯಾರ ಶಿಫ್ಟೆಂದು ಕೇಳುತ್ತಾನೆ, ನನ್ನದೆಂದರೆ ಆ ದಿನದ ಕೆಲಸ ಮುಂದೂಡುತ್ತಾನೆ ಎಂದು ಬೇರೆಯವರಿಂದ ತಿಳಿಯಿತು. ಅವನದೇನೂ ತಪ್ಪಿಲ್ಲ. ಪರೀಕ್ಷಿಸಿ ನೋಡಿ ನಂಬುವವನು ಅವನು, ಪರೀಕ್ಷೆಯಲ್ಲಿ ನಾನು ಬಿದ್ದಿದ್ದೆ. ಆದರೂ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಇರುತ್ತಿತ್ತು. ಹೊತ್ತು ಮುಳುಗುವ ಮುಂಚೆ ಡಬ್ಬಿ ತೆಗೆಯಲು ಈಗ ನಾನೇ ಗಡಿಯಾರ ನೋಡಬೇಕಾಗುತ್ತಿತ್ತು.

ಆರು ವರ್ಷ ಹೀಗೆ ಹೋಯಿತು. ಮೇಡಂಗೆ ವರ್ಗವಾಯಿತು. ನಾನು ಕಾಗವಾಡ ಕಡೆ ಬಂದೆ. ಸ್ವಲ್ಪ ದಿನಕ್ಕೆ ಕಲ್ಲಪ್ಪನೂ ಅಲ್ಲಿಗೇ ಬಂದ.

ಒಂದು ದಿನ ಮಧ್ಯಾಹ್ನ ಎರಡಕ್ಕೆ ಶಿಫ್ಟು ವಹಿಸಿಕೊಂಡೆ. ಪುಸ್ತಕದಲ್ಲಿ ಒಂದು ಎಲ್‌ಸಿ ವಾಪಸಾಗದೆ ಉಳಿದಿತ್ತು, ಹೊಳೆದಂಡೆಯ ಪಂಪುಗಳ ಫೀಡರು. ಬೆಳಗಿನ ಆಪರೇಟರ್ ಕೊಟ್ಟದ್ದು. ಹೆಸರು ಕಲ್ಲಪ್ಪ. ಅವನಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಎರಡೂವರೆಗೆ ಕಾರ್ಯನಿರ್ವಾಹಕ ಎಂಜಿನಿಯರ್ ಸಾಹೇಬರ ಫೋನು ಬಂತು. ಹೊಳೆದಂಡೆಯಲ್ಲಿ ಹೊಸ ಏತ ನೀರಾವರಿಯ ಉದ್ಘಾಟನೆ. ದೊಡ್ಡವರೊಬ್ಬರು ಗುಂಡಿ ಒತ್ತಲು ಬಂದು ನಿಂತಿದ್ದಾರೆ, ಕರೆಂಟಿಲ್ಲ.

“ಕಲ್ಲಪ್ಪ ಇಳದಾನ. ಸೆಕ್ಷನ್ ಆಫೀಸರ್ ನೋಡ್ಯಾರ. ಹಾಕು.”

ಈ ಸಲ ಧ್ವನಿ ಅಪರಿಚಿತವಲ್ಲ. ದಿನಾ ಕೇಳುವ ಧ್ವನಿ, ನನ್ನ ನೌಕರಿ ಅವರ ಕೈಯಲ್ಲಿ. ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಬಾಯಿಪಾಠ ಮಾಡಿದ್ದು ತಾನಾಗಿ ಬಂತು: “ಸರ್, ಎಲ್‌ಸಿ ತಗೊಂಡವ್ರ ಧ್ವನಿ ಕೇಳಿಲ್ರಿ, ಕೇಳಿದ ಕೂಡ್ಲೇ ಹಾಕ್ತೇನ್ರಿ.”

“ನಾ ಯಾರಂತ ಗೊತ್ತೈತೇನ್ ನಿನಗ?”

“ಗೊತ್ತೈತ್ರಿ ಸರ್. ಅವ್ರ ಧ್ವನಿ ಕೇಳಿಲ್ರಿ.”

“ಸಸ್ಪೆಂಡ್ ಮಾಡ್ತೇನಿ ನಿನ್ನ!”

“ಹೌದ್ರಿ ಸರ್. ಅವ್ರ ಧ್ವನಿ ಕೇಳಿದ ಕೂಡ್ಲೇ ಹಾಕ್ತೇನ್ರಿ.”

ಮೂರು ಸಲ ಫೋನು ಬಂತು, ಮೂರು ಸಲವೂ ಅದೇ ಮಾತು. ಫೋನು ಇಟ್ಟಾಗಲೆಲ್ಲ, ಬ್ರೇಕರ್ ಕಡೆ ಹೋಗದಿರಲೆಂದು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ದೊಡ್ಡವರು ಬರೇ ರಿಬ್ಬನ್ನು ಕತ್ತರಿಸಿ ಹೋದರು. ನಲವತ್ತು ನಿಮಿಷದ ಮೇಲೆ ಕಲ್ಲಪ್ಪನ ಧ್ವನಿ ಬಂತು. ನಂಬರು ಹೇಳಿದ.

“ಎಲ್ಲಿದ್ದಿ?” ಎಂದು ಕೇಳಿದೆ.

“ಕೆಳಗ. ಒಂದೂವರಿಗೇ ಇಳದಿದ್ನಿ. ಊಟಕ್ಕ ಕುಂತವ ವಾಪಸ್ ಕೊಡೂದ ಮರ್ತ್ನಿ. ಮೊಬೈಲ್ ಚಾರ್ಜ್ ಹೋಗೇತಿ, ಇದು ಇನ್ನೊಬ್ರದು.”

ಬ್ರೇಕರ್ ಹಾಕಿದೆ. ಮುಳ್ಳು ಎದ್ದಿತು. ನಾನೊಬ್ಬನೇ ಕೂತು ನಕ್ಕೆ, ಅಳುವೂ ಬಂತು.

ಮರುದಿನವೇ ಮೆಮೊ ಬಂತು. ಊರೆಲ್ಲ ನನ್ನ ಗೇಲಿ. “ಮನಶ್ಯಾ ಕೆಳಗ ಕುಂತು ರೊಟ್ಟಿ ತಿನ್ನಾಕತ್ತಾನ, ನೇಮಣ್ಣ ಅವನ ಜೀವಾ ಉಳಸಾಕತ್ತಾನ!” ನಿಜವೇ. ಆ ದಿನ ಕರೆಂಟು ಬಿಟ್ಟಿದ್ದರೂ ಯಾರೂ ಸಾಯುತ್ತಿರಲಿಲ್ಲ. ಸಾಹೇಬರು ಹೇಳಿದ್ದೇ ಸರಿಯಾಗಿತ್ತು. ಆದರೆ ಅದು ಸರಿಯೆಂದು ಎರಡೂವರೆಗೆ ಯಾರಿಗೆ ಗೊತ್ತಿತ್ತು? ಉತ್ತರದಲ್ಲಿ ಅಷ್ಟನ್ನೇ ಬರೆದೆ: ಲೈನ್‌ಮನ್ ಕೆಳಗಿದ್ದದ್ದು ನಿಜ, ಅದು ನನಗೆ ಆಗ ಗೊತ್ತಿರಲಿಲ್ಲ, ತಮಗೂ ಬೇರೆಯವರಿಂದ ಕೇಳಿ ಮಾತ್ರ ಗೊತ್ತಿತ್ತು. ಸಾಹೇಬರು ತಾವೇ ಬಂದರು. ಎಲ್‌ಸಿ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಬಹಳ ಹೊತ್ತು ನೋಡಿದರು. ಮೆಮೊದ ಕೆಳಗೆ “ವಿವರಣೆ ಒಪ್ಪಿದೆ” ಎಂದು ಬರೆದು ಸಹಿ ಹಾಕಿ ಹೋದರು. ಹಾಗೆ ಬರೆಯಲೂ ಗುಂಡಿಗೆ ಬೇಕು. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಒಂದು ವಾರ ಕಲ್ಲಪ್ಪನ ಸುದ್ದಿಯೇ ಇರಲಿಲ್ಲ.

ಮುಂದಿನ ಸೋಮವಾರ ಬೆಳಗಿನ ಶಿಫ್ಟು ನನ್ನದು. ಒಂಬತ್ತಕ್ಕೆ ಫೋನು ಬಂತು. ಎಲ್‌ಸಿ ಬೇಕು, ಶಿರಗುಪ್ಪಿ ಕಡೆಯ ಫೀಡರು. ಯಾರು ಮಾತಾಡುವುದೆಂದು ನಿಯಮದ ಪ್ರಕಾರ ಕೇಳಿದೆ. ಕಲ್ಲಪ್ಪ ಎಂದ. ಯಾರ ಶಿಫ್ಟೆಂದು ಅವನು ಕೇಳಲಿಲ್ಲ. ನಾನು ಎದ್ದು ಬ್ರೇಕರ್ ತೆಗೆದೆ, ಮುಳ್ಳು ಸೊನ್ನೆಗೆ ಇಳಿದದ್ದನ್ನು ಎರಡು ಸಲ ನೋಡಿದೆ, ಪುಸ್ತಕದಲ್ಲಿ ಅವನ ಹೆಸರು ಬರೆದು ನಂಬರು ಕೊಟ್ಟೆ. ಅವನು ನಂಬರನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಂಡ.

“ಕಂಬ ಏರ್ಲೇನೋ?” ಅಂದ.

“ಏರಪಾ,” ಅಂದೆ.